ಗೋಡೆಬೀರುವಿನ ಬಡಿತ

ಪ್ರತಿ ಹ್ಯಾಲೋವೀನ್ ಸಂಜೆ ಹಡ್ಸನ್ ನದಿ ದಂಡೆಯ ಆ ಹಳೇ ಬಂಗಲೆಯಲ್ಲಿ ನೆರೆದ ಜನರಿಗೆ ದೆವ್ವದ ಕಥೆ ಹೇಳುವವಳು ಥೆಲ್ಮಾ. ಕಥೆಯ ಕೊನೆಗೆ, ಗೋಡೆಬೀರುವಿನೊಳಗೆ ಅಡಗಿ ಕೂತು ದೆವ್ವದ ಹಾಗೆ ಬಾಗಿಲು ಬಡಿಯುವುದು ಮನೆಯೊಡತಿ ಕೊರ್ನೀಲಿಯಾಳ ಹುಚ್ಚು.

ಕಥೆ ಹೆಟ್ಟಿಯದು. ಬೆಳ್ಳಿ ಚಮಚ ಕದ್ದಳೆಂದು ಕೊರ್ನೀಲಿಯಾಳ ಅಜ್ಜಿ ಅದೇ ಬೀರುವಿನಲ್ಲಿ ಕೂಡಿಹಾಕಿ ಸಾಯಿಸಿದ ಕೆಲಸದ ಹುಡುಗಿ. ಥೆಲ್ಮಾಳ ಅಜ್ಜಿಯ ಒಡಹುಟ್ಟಿದ ತಂಗಿ.

"ಕಳ್ಳಿ ಅನ್ನೋದನ್ನ ಒತ್ತಿ ಹೇಳೇ, ಜನ ನಗಬೇಕು," ಎನ್ನುತ್ತ ಕೊರ್ನೀಲಿಯಾ ಬೀರು ಹೊಕ್ಕಳು. ವರ್ಷವರ್ಷವೂ ಈ ಮಾತನ್ನು ನುಂಗಿಕೊಂಡಿದ್ದ ಥೆಲ್ಮಾ ಈ ಸಲ ಹೊರಗಿನಿಂದ ಚಿಲಕ ಜಡಿದಳು.

ಕಥೆ ಮುಗಿಯಿತು, ಬಡಿತ ಶುರುವಾಯಿತು. "ಥೆಲ್ಮಾ, ತೆಗಿಯೇ! ಉಸಿರು ಕಟ್ತಿದೆ!" ಒಳಗೆ ಕಿರುಚಾಟ ಏರಿದಷ್ಟೂ ಹೊರಗೆ ಚಪ್ಪಾಳೆ ಏರಿತು.

ಮುಂದೆ ಕೂತಿದ್ದ ಮುದುಕನೊಬ್ಬ ಮಾತ್ರ ಎದ್ದು ನಿಂತ. "ಇದು ಆಟ ಅಲ್ಲ ಕಣಮ್ಮ. ಬಾಗಿಲು ತೆಗಿ."

"ಅವತ್ತು ಹೆಟ್ಟಿ ಬಡಿದಾಗ ಊಟಕ್ಕೆ ಬಂದಿದ್ದೋರೂ ಹಿಂಗೇ ಅಂದ್ರಂತೆ ಯಜಮಾನ್ರೇ," ಎಂದಳು ಥೆಲ್ಮಾ. "ಇವಳಜ್ಜಿ, 'ಇಲಿ ಕಾಟ, ನೀವು ಊಟ ಮಾಡಿ' ಅಂದಳಂತೆ."

ಅವಳು ಮೇಣದಬತ್ತಿ ಊದಿ ಆರಿಸಿದಳು.

"ಇಲಿ ಕಾಟ. ನೀವು ಮನೆಗೆ ಹೊರಡಿ."