ಹಾರ್ನಿನ ರಿಲೇ

ಬರ ಬಿದ್ದ ಆ ವರ್ಷ, ಬೀದರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ಮಡೆಪ್ಪನನ್ನು ಹೆಂಡತಿ ಎಲ್ಲಿದ್ದಾಳೆಂದು ಕೇಳಿದರೆ, ಭಾಲ್ಕಿ-ಔರಾದ ರಸ್ತೆಯ ಯಾವುದೋ ಹೊಲದಲ್ಲಿ ಎನ್ನುತ್ತಿದ್ದ. ಪಾಪ, ಅವನಿಗೆ ಗೊತ್ತಿದ್ದದ್ದೇ ಅಷ್ಟು. ಲಲಿತಾಬಾಯಿ ತವರಿನ ಕುರಿಹಿಂಡಿನ ಜೊತೆ ಮೇವು ಹುಡುಕಿ ಹೊರಟು ಯುಗಾದಿಯೂ ಕಳೆದಿತ್ತು. ಹಿಕ್ಕೆ ಬಿದ್ದು ಹೊಲಕ್ಕೆ ಗೊಬ್ಬರವಾಗಲೆಂದು ರೈತರು ಹಿಂಡನ್ನು ಕರೆದು ತಂಗಿಸಿಕೊಳ್ಳುತ್ತಾರೆ. ಇವತ್ತು ಈ ಹೊಲ, ನಾಳೆ ಇನ್ನೊಂದು. ಅವಳ ಫೋನಿಗೆ ಚಾರ್ಜ್ ಹಾಕಿಕೊಡುವವರು ಯಾರು, ಕುರಿಗಳೇ? ಅದಕ್ಕೇ ಗಂಡಹೆಂಡಿರು ಮಾತಾಡಿಕೊಂಡಿದ್ದರು. ಆ ಕಡೆ ಬಾಡಿಗೆ ಸಿಕ್ಕಾಗ ಇವನು ಹಾರ್ನ್ ಒತ್ತುತ್ತ ಹೋಗುವುದು, ಕೇಳಿಸಿದಲ್ಲಿಂದ ಅವಳು ರಸ್ತೆಗೆ ಬರುವುದು.

ಹಿಂಡು ನಾಳೆ ಗಡಿ ದಾಟಿ ಮಹಾರಾಷ್ಟ್ರದ ಕಡೆ ಹೋಗುತ್ತದೆ, ಮಳೆ ಬಿದ್ದ ಮೇಲೇ ವಾಪಸು ಎಂದು ಭಾಲ್ಕಿ ಸಂತೆಯಲ್ಲಿ ಯಾರೋ ಹೇಳಿದ್ದರು. ಮಳೆಯನ್ನು ನಂಬಿ ಕೂತರೆ ಆಯಿತು ಕಥೆ! ಅದೃಷ್ಟಕ್ಕೆ ಇವತ್ತೇ ಔರಾದಿಗೆ ಬಾಡಿಗೆ ಸಿಕ್ಕಿತು. ಭಾಲ್ಕಿಯ ಆಸ್ಪತ್ರೆಯಿಂದ ಅನುಸೂಯಾಬಾಯಿ ತನ್ನ ಬಾಣಂತಿ ಮಗಳನ್ನೂ ಹಸುಗೂಸನ್ನೂ ಕರೆದುಕೊಂಡು ಊರಿಗೆ ಹೊರಟಿದ್ದಳು. ಆದರೆ ಕಾರಿನಲ್ಲಿ ಬ್ರೇಕಿನ ಎಬಿಎಸ್ ಕೆಟ್ಟಿದೆ ಎನ್ನುವ ದೀಪ ಹತ್ತಿದ್ದು ಆರಲೇ ಇಲ್ಲ.

ದಾರಿಯಲ್ಲೇ ಇದ್ದ ಮುಜೀಬೋದ್ದೀನನ ಗ್ಯಾರೇಜಿಗೆ ಕಾರು ತಿರುಗಿಸಿದ. ಮುಜೀಬ ಬಾನೆಟ್ ಎತ್ತಿ, ಫ್ಯೂಸ್ ಡಬ್ಬಿಯಿಂದ ಬೆಂಕಿಪೆಟ್ಟಿಗೆಗಿಂತ ಸಣ್ಣ, ಕರೆಂಟು ಹಾಯಿಸುವ ಕಪ್ಪು ರಿಲೇಯೊಂದನ್ನು ಕಿತ್ತ. ಅದೇ ನಂಬರಿನದು ಹಾರ್ನಿಗೂ ಒಂದಿತ್ತು. ಅದನ್ನು ತೆಗೆದು ಎಬಿಎಸ್ ಜಾಗಕ್ಕೆ ಒತ್ತಿದ. ಗಾಡಿ ಚಾಲೂ ಮಾಡಿದರೆ ದೀಪ ಆರಿಹೋಯಿತು.

"ವೈರಿಂಗ್ ಛಲೋ ಅದ, ರಿಲೇನೇ ಸುಟ್ಟದ. ಹೊಸಾದು ಹೈದ್ರಾಬಾದದಿಂದ ನಾಳಿ ಬರ್ತದ ಭೈ."

"ಅದಿಲ್ದಿದ್ರ ಬ್ರೇಕ್ ಹತ್ತಂಗಿಲ್ಲೇನು?"

"ಹತ್ತತದ. ಖರೆ ಜೋರ್ ಒತ್ತಿದ್ರ ಗಾಲಿ ಜಾಮ್ ಆಗಿ ಗಾಡಿ ಜಾರ್ತದ. ಔರಾದ ರಸ್ತಾಕ್ಕ ಖಡಿ ಹಾಕ್ಯಾರ. ಕೂಸಿನ್ನ ಕುಂದ್ರಸ್ಕೊಂಡು ಹೊಂಟಿದಿ, ನೋಡ್ಕೋ."

"ಮತ್ತ ಹಾರ್ನ್?"

"ಒಂದೇ ರಿಲೇ, ಎರಡು ಕಡಿ ಹ್ಯಾಂಗ ಹಾಕ್ಲಿ?"

ಮಡೆಪ್ಪನಿಗೆ ಅಳು ಬಂದಂತಾಯಿತು. ರಿಲೇ ಕಿತ್ತು ಹಾರ್ನಿಗೇ ಹಾಕಿಬಿಡಲೇ ಎಂದು ಕೈ ಮುಂದೆ ಹೋದದ್ದೂ ನಿಜ. ಹಿಂದಿನ ಸೀಟಿನಲ್ಲಿ ಕೂಸು ಆಕಳಿಸಿತು. ತನ್ನನ್ನು ತಾನೇ ಬೈದುಕೊಳ್ಳುತ್ತ ಬಾನೆಟ್ ಮುಚ್ಚಿದ.

ಭಾಲ್ಕಿ ದಾಟಿದ ಮೇಲೆ ಜಲ್ಲಿ ಸುರಿದ ಖಡಿ ರಸ್ತೆ ಶುರುವಾಯಿತು. ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಬ್ರೇಕ್ ತುಳಿದ. ಪೆಡಲ್ ಕಾಲಡಿ ದಡದಡ ಅಂದು, ಕಾರು ಜಾರದೆ ನೆಟ್ಟಗೆ ನಿಂತಿತು. ಕೂಸು ಕಣ್ಣು ಕೂಡ ತೆರೆಯಲಿಲ್ಲ. ಮುಜೀಬ ಹೇಳಿದ್ದು ಖರೆ ಇತ್ತು.

ಆದರೆ ಅವಳು? ಎರಡೂ ಕಡೆ ಬೋಳು ಹೊಲಗಳು. ಕುರಿ ಎಬ್ಬಿಸಿದ ಧೂಳು ಎಡಕ್ಕೂ ಕಂಡಿತು, ಬಲಕ್ಕೂ ಕಂಡಿತು. ಯಾವುದು ಅವಳದು? ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರೆ ಗಾಳಿ ನುಂಗಿಹಾಕಿತು. ಹೊಲಗಳು ಒಂದೊಂದಾಗಿ ಹಿಂದೆ ಸರಿದವು. ಇವತ್ತು ನೋಡದಿದ್ದರೆ ಇನ್ನೆಂದೋ.

ಆಮೇಲೆ ಹೊಳೆಯಿತು, ಮೊದಲೇ ಹೊಳೆಯಬೇಕಿತ್ತು ಮಳ್ಳನಿಗೆ: ನಿಂತ ಗಾಡಿಗೆ ಎಬಿಎಸ್ ಯಾಕೆ ಬೇಕು? ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿ ಇಳಿದ.

"ಯಾಕ ತಮ್ಮಾ, ಏನಾತು?" ಎಂದಳು ಅನುಸೂಯಾಬಾಯಿ.

"ಏನಿಲ್ರಿ ಯವ್ವಾ. ನಮ್ಮಾಕಿ ಇಲ್ಲೇ ಎಲ್ಲೋ ಅದಾಳ. ಜರಾ ಕರೀತೇನ್ರಿ."

ರಿಲೇಯನ್ನು ಹಾರ್ನಿನ ಜಾಗಕ್ಕೆ ಹಾಕಿ, ಹಾರ್ನ್ ಒತ್ತಿದ ಕೈ ಎತ್ತಲಿಲ್ಲ. ಕೂಸು ಎದ್ದು ಕಿರುಚಿತು. ಅನುಸೂಯಾಬಾಯಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟಿದಳು, ಬೈಯಲಿಲ್ಲ. ಅವಳ ಗಂಡನೂ ಪುಣೆಗೆ ದುಡಿಯಲು ಹೋಗಿದ್ದ.

ಬದುವಿನಾಚೆ ಸೆರಗೊಂದು ಕಂಡಿತು. ಓಡುತ್ತಲೇ ಬಂದಳು ಲಲಿತಾಬಾಯಿ, ಬರಿಗಾಲು, ಮೈತುಂಬ ಧೂಳು. ಸೊರಗಿದ್ದಳು. ಬಾನೆಟ್ ಹಿಡಿದು ನಿಂತು ಏದುಸಿರು ಬಿಟ್ಟಳು. ಮಡೆಪ್ಪನಿಗೆ ಹಿಗ್ಗೋ ಹಿಗ್ಗು.

"ಇಷ್ಟು ದೂರಿಂದ ನನ್ನ ಹಾರ್ನ್ ಗುರ್ತ ಹಿಡದಿ ನೋಡು," ಎಂದ.

"ಗುರ್ತ ಎಲ್ಲಿಂದು ಬಂತ್ರಿ," ಎಂದಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಲಾರಿ ಹಾರ್ನ್ ಹೊಡದ್ರೂ ಬರ್ತೇನಿ, ಬಸ್ ಹೊಡದ್ರೂ ಬರ್ತೇನಿ. ದಿನಾ ಬಂದು, ನೋಡಿ, ಹೊಳ್ಳಿ ಹೋಗ್ತೇನಿ."

ಔರಾದು ಇನ್ನೂ ದೂರವಿತ್ತು. ರಿಲೇ ಕಿತ್ತು ಬ್ರೇಕಿಗೆ ಹಾಕಿ ಹೊರಡಬೇಕಿತ್ತು. ಮಡೆಪ್ಪ ಬಾನೆಟ್ಟಿನೊಳಗೆ ಬಗ್ಗಿದ, ರಿಲೇಯ ಮೇಲೆ ಕೈಯನ್ನೂ ಇಟ್ಟ. ಕೀಳಲು ಮನಸ್ಸು ಬರಲಿಲ್ಲ.