ಹನ್ನೆರಡನೆಯ ಸೆಕೆಂಡು

ತಂಗಿಯ ಕೆಲಸ ಬೆಳಕು ಹಿಡಿಯುವ ಸೆನ್ಸರುಗಳ ಪರೀಕ್ಷೆ. ಕತ್ತಲ ಪೆಟ್ಟಿಗೆಯಲ್ಲಿ ದೀಪ ಮಿನುಗಿಸಿ, ಕಳಿಸಿದ ಸುದ್ದಿಯಲ್ಲಿ ಎಷ್ಟು ದಾಟಿತೆಂದು ಲೆಕ್ಕ ಹಾಕುವುದು. ದೀಪವೇ ಇಲ್ಲದಾಗಲೂ ಸೆನ್ಸರು ಸುಮ್ಮಸುಮ್ಮನೆ ‘ಕಂಡೆ’ ಎನ್ನುವುದುಂಟು. ಅದಕ್ಕೆಲ್ಲ ಮರುಳಾಗುವವಳಲ್ಲ ಅವಳು. ಕಳಿಸಿದ್ದಕ್ಕೂ ಬಂದದ್ದಕ್ಕೂ ನಂಟಿಲ್ಲದಿದ್ದರೆ ದಾಟಿದ ಸುದ್ದಿ ಸೊನ್ನೆ.

ಈ ಜಾಣತನವನ್ನು ಮನೆಗೂ ಹೊತ್ತು ತಂದದ್ದೇ ಎಡವಟ್ಟಾಯಿತು. ಪಾರ್ಶ್ವವಾಯು ಬಡಿದು ಮಲಗಿದ್ದ ಅಮ್ಮನಿಗೆ ರೆಪ್ಪೆ ಬಿಟ್ಟರೆ ಬೇರೇನೂ ಆಡುತ್ತಿರಲಿಲ್ಲ. ಅಮ್ಮನಿಗೆ ಎಲ್ಲ ಅರ್ಥವಾಗುತ್ತದೆ, ಹೌದೆನ್ನಲು ಕಣ್ಣು ಬಿಗಿಯಾಗಿ ಮುಚ್ಚುತ್ತಾಳೆ, ಇಲ್ಲವಾದರೆ ಮುಚ್ಚುವುದಿಲ್ಲ ಎಂದು ಅಕ್ಕನ ಹಟ. ಸರಿ, ತಂಗಿ ಉತ್ತರ ತನಗೆ ಗೊತ್ತಿರುವ ಇಪ್ಪತ್ತು ಪ್ರಶ್ನೆ ಹಾಳೆಯಲ್ಲಿ ಬರೆದುಕೊಂಡು, ಗಡಿಯಾರ ಹಿಡಿದು, ಹತ್ತು ಸೆಕೆಂಡಿಗೊಂದರಂತೆ ಕೇಳಿದಳು. ಹತ್ತು ಸರಿ, ಹತ್ತು ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

“ಅಮ್ಮ ಉತ್ತರ ಕೊಡ್ತಿಲ್ಲ ಅಕ್ಕ. ಸುಮ್ನೆ ಕಣ್ಣು ಮುಚ್ತಾಳೆ ಅಷ್ಟೆ,” ಎಂದಳು.

ಅಕ್ಕ ಜಗಳವಾಡಲಿಲ್ಲ. ಅಂದಿನಿಂದ ಅಮ್ಮನ ಜೊತೆ ಮಾತನಾಡುವುದನ್ನೇ ಬಿಟ್ಟಳು. ಸುಮ್ಮನೆ ಉಣಿಸುವುದು, ಸುಮ್ಮನೆ ಮಗ್ಗುಲು ಬದಲಿಸುವುದು.

ಎರಡು ವಾರದ ಮೇಲೆ ಲ್ಯಾಬಿನಲ್ಲಿ ಹೊಸ ಸೆನ್ಸರೊಂದು ಸೊನ್ನೆ ತೋರಿಸಿತು. ಕತ್ತಲ ಕೋಣೆ ಬಿಟ್ಟು ಹೊರಗೆ ಬಾರದ, ಎಲ್ಲರೂ ಗೂಬೆ ಎನ್ನುತ್ತಿದ್ದ ಹಳೆಯ ಮೆಕ್ಯಾನಿಕ್, ಕಳಿಸಿದ್ದನ್ನೂ ಬಂದದ್ದನ್ನೂ ಅಕ್ಕಪಕ್ಕ ಬರೆದ ಪಟ್ಟಿಯನ್ನು ಇಣುಕಿ ನೋಡಿದ.

“ಇದು ಕೆಟ್ಟಿಲ್ಲ ಮೇಡಂ, ನಿಧಾನ. ಬಂದಿದ್ದನ್ನ ಒಂದು ಮನೆ ಹಿಂದಕ್ಕೆ ಸರಿಸಿ ನೋಡಿ.”

ಸರಿಸಿದಳು. ಎಲ್ಲವೂ ತಾಳೆಯಾಯಿತು. ತಂಗಿ ಚೀಲಕ್ಕೆ ಕೈ ಹಾಕಿದಳು. ಅಮ್ಮನ ಉತ್ತರ ಗುರುತು ಹಾಕಿಕೊಂಡಿದ್ದ ಹಾಳೆ ಇನ್ನೂ ಅಲ್ಲೇ ಇತ್ತು. ಪ್ರತಿ ಉತ್ತರವನ್ನೂ ಹಿಂದಿನ ಪ್ರಶ್ನೆಯ ಪಕ್ಕಕ್ಕೆ ಸರಿಸಿದಳು. ಹತ್ತೊಂಬತ್ತರಲ್ಲಿ ಹದಿನೆಂಟು ಸರಿ! ಕೊನೆಯ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ. ಹತ್ತನೆಯ ಸೆಕೆಂಡಿಗೇ ಹಾಳೆ ಮಡಚಿ ಎದ್ದಿದ್ದಳು, ಪುಣ್ಯಾತ್ಗಿತ್ತಿ.

ಅರ್ಧ ದಿನದ ರಜೆ ಹಾಕಿ ಮನೆಗೆ ಓಡಿದಳು. ಅಕ್ಕನಿಗೆ ಎಲ್ಲ ಹೇಳಿ, ಮಂಚದ ಪಕ್ಕ ಕೂತು, ಆ ಕೊನೆಯ ಪ್ರಶ್ನೆಯನ್ನೇ ಮತ್ತೆ ಕೇಳಿದಳು.

“ನಾನ್ಯಾರು ಅಂತ ಗುರುತು ಸಿಗ್ತಾ ಅಮ್ಮ?”

ಹತ್ತು ಸೆಕೆಂಡು ಕಳೆಯಿತು. ಹನ್ನೊಂದು. ಹನ್ನೆರಡಕ್ಕೆ ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿದಳು. ತಂಗಿ ಅಳು ತಡೆಯಲಾರದೆ ಹಾಸಿಗೆಗೆ ಮುಖ ಒತ್ತಿದಳು.

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಎರಡು ವಾರದಿಂದ ತಡೆದುಕೊಂಡದ್ದು ಬೇಕಾದಷ್ಟಿತ್ತು. ಪ್ರತಿ ಮಾತಿಗೂ ಹನ್ನೆರಡು ಸೆಕೆಂಡು ಬಿಟ್ಟು, ತಂಗಿಯ ಎದುರಿಗೇ ಅವಳ ಮೇಲೆ ಚಾಡಿ ಹೇಳತೊಡಗಿದಳು. ಅಮ್ಮ ಒಂದೊಂದಕ್ಕೂ ಹೌದು ಹೌದೆಂದು ಕಣ್ಣು ಮುಚ್ಚಿದಳು.