ಕಡ್ಡಿಗೆ ಬಂದ ಪದ

ಡಬ್ಬಿಗೆ ಕೈ ಹಾಕಿ ಚೀಟಿ ಎತ್ತಿದ ಮೇಲೆ ಅದನ್ನು ವಾಪಸ್ಸು ಹಾಕುವಂತಿರಲಿಲ್ಲ. ಅದು ಮಿಸ್ಸಿನ ಕಾನೂನು. ಕಡ್ಡಿ ತನ್ನ ಚೀಟಿಯನ್ನು ಬಿಚ್ಚಿದಳು, ಓದಿದಳು, ಮತ್ತೆ ಮಡಿಸಿದಳು. ಮಡಿಸಿದರೆ ಒಳಗಿರುವ ಪದ ಬದಲಾದೀತೇ?

"ಏನ್ ಬಂತೇ? ತೋರ್ಸು!" ಪಕ್ಕದಲ್ಲಿದ್ದ ಬುಗುರಿ ಚೀಟಿಯನ್ನು ಕಿತ್ತುಕೊಂಡು ಓದಿ ಬೆಂಚಿನ ಮೇಲೆಯೇ ಕುಣಿದಳು. "ಪಾಲುದಾರ! ಅಯ್ಯೋ, ನಂಗೆ ನೋಡು, ದಾಸ್ತಾನು ಅಂತ ಬಂದಿದೆ. ನಿಂಗೆ ಉದಾಹರಣೆ ಮನೇಲೇ ಇದ್ಯಲ್ಲೇ!"

ಮನೆಯಲ್ಲೇ ಇತ್ತು. ಕಷ್ಟವೂ ಅದೇ ಆಗಿತ್ತು.

ಸಣಕಲಿಯಾದ್ದರಿಂದ ಇವಳು ಕಡ್ಡಿ, ಒಂದು ಕಡೆ ಕೂರಲಾರದ್ದರಿಂದ ಅವಳು ಬುಗುರಿ. ತರಗತಿಯಲ್ಲಿ ಒಂದು ಕಾದಂಬರಿ ಓದುತ್ತಿದ್ದರು. ನಾಲ್ವರು ಮಕ್ಕಳು ಹಿತ್ತಲಲ್ಲಿ ಸೋಪು ತಯಾರಿಸಿ ತಳ್ಳುಗಾಡಿಯಲ್ಲಿ ಮಾರಿ ವ್ಯಾಪಾರಸ್ಥರಾಗುವ ಕಥೆ. ಅದರಲ್ಲಿ ಬರುವ ಬಂಡವಾಳ, ಪೈಪೋಟಿ, ಗಿರಾಕಿ ಮುಂತಾದ ಪದಗಳನ್ನೆಲ್ಲ ಮಿಸ್ಸು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದ್ದರು. ಸೋಮವಾರ ಎತ್ತಬೇಕು, ಶುಕ್ರವಾರ ನಿಂತು ಹೇಳಬೇಕು. ಅರ್ಥ ಒಪ್ಪಿಸಿದರೆ ಸಾಲದು, ಮನೆಯಿಂದಲೋ ಬೀದಿಯಿಂದಲೋ ನಿಜವಾದ ಉದಾಹರಣೆ ತರಬೇಕು. "ಪುಸ್ತಕದ ಬದನೆಕಾಯಿ ನಂಗೆ ಬೇಡ" ಎನ್ನುತ್ತಿದ್ದರು ಮಿಸ್ಸು. ಆಮೇಲೆ ಮಕ್ಕಳು ಮೂರು ಪ್ರಶ್ನೆ ಕೇಳಬಹುದು. ಚೀಟಿ ಯಾರದೋ ಉತ್ತರವೂ ಅವರದೇ.

ಕಡ್ಡಿಯ ಅಮ್ಮ ಮತ್ತು ಬುಗುರಿಯ ಅಮ್ಮ ಜೊತೆಯಾಗಿ ಹೊಲಿಗೆಯ ಅಂಗಡಿ ನಡೆಸುತ್ತಿದ್ದರು. ಬುಗುರಿಯ ಅಮ್ಮನನ್ನು ಕಡ್ಡಿ ದೊಡ್ಡಮ್ಮ ಎಂದೇ ಕರೆಯುತ್ತಿದ್ದಳು. ರಕ್ತಸಂಬಂಧವೇನೂ ಇಲ್ಲ, ಆದರೆ ಬೈಯುವ ಹಕ್ಕಿತ್ತು. ಅಮ್ಮ ಬಟ್ಟೆ ಕತ್ತರಿಸುವವಳು, ದೊಡ್ಡಮ್ಮ ಹೊಲಿಯುವವಳು. ಅಮ್ಮ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೀಟುಗಳು ಬೇರೆಯವರಿಗೆ ಕೋಳಿ ಕೆದರಿದಂತೆ ಕಾಣುತ್ತಿದ್ದವು. ದೊಡ್ಡಮ್ಮ ಮಾತ್ರ ಅವನ್ನು ಕಣ್ಣು ಹಾಯಿಸಿಯೇ ಓದಿಬಿಡುವಳು. ಅಂಗಡಿಯಲ್ಲಿದ್ದ ನಿಯಮ ಒಂದೇ. ಕತ್ತರಿಯನ್ನು ಕೈಯಿಂದ ಕೈಗೆ ಕೊಡಬಾರದು. ಮೇಜಿನ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಸಂಬಂಧ ಕತ್ತರಿಸುತ್ತದೆ ಎಂದು ದೊಡ್ಡಮ್ಮನ ನಂಬಿಕೆ. ಅಮ್ಮ ನಂಬುತ್ತಿರಲಿಲ್ಲ, ಆದರೂ ಮೇಜಿನ ಮೇಲೇ ಇಡುತ್ತಿದ್ದಳು.

ಹೋದ ವಾರ ದೊಡ್ಡಮ್ಮ ಗುಂಡಿ ತರಲು ಹೋಗಿದ್ದಾಗ ಒಬ್ಬ ಮನುಷ್ಯ ಅಂಗಡಿಗೆ ಬಂದಿದ್ದ. ಕಡ್ಡಿ ಮೇಜಿನ ಕೆಳಗೆ ಚಿಂದಿಬಟ್ಟೆಗಳ ನಡುವೆ ಮಲಗಿ ಅದೇ ಕಾದಂಬರಿ ಓದುತ್ತಿದ್ದಳು. ಅವನ ಬೂಟು ಮಾತ್ರ ಕಾಣುತ್ತಿತ್ತು. ಸಿದ್ಧ ಉಡುಪಿನ ಕಾರ್ಖಾನೆ, ತಿಂಗಳ ಸಂಬಳ, ಒಂದನೇ ತಾರೀಖಿಗೆ ಬಂದು ಸೇರಿ ಎಂದು ಬೂಟು ಹೇಳಿತು. ಅಮ್ಮ "ಆಯ್ತು, ಬರ್ತೀನಿ" ಅಂದಳು. ಬೂಟು ಹೋದ ಮೇಲೆ ಬಗ್ಗಿ ನೋಡಿದ ಅಮ್ಮನ ಕಣ್ಣಿಗೆ ಕಡ್ಡಿ ಬಿದ್ದಳು.

"ದೊಡ್ಡಮ್ಮಂಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಟ್ಟೀಯ, ಜೋಕೆ!"

ಅಂದಿನಿಂದ ಕಡ್ಡಿಗೆ ಆ ಮಾತು ಬಾಯಲ್ಲಿಟ್ಟ ಬಿಸಿತುಪ್ಪವಾಗಿತ್ತು. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಕಾದದ್ದೇ ಬಂತು. ಅಮ್ಮ ಹೇಳಲಿಲ್ಲ. ಬದಲಿಗೆ ಮುಂದಿನ ತಿಂಗಳು ಕೊಡಬೇಕಾದ ಬಟ್ಟೆಗಳನ್ನೂ ಈಗಲೇ ಕತ್ತರಿಸಿದಳು. ಬೆಳಗಿನಿಂದ ಸಂಜೆಯವರೆಗೆ ಕತ್ತರಿಸಿ ಕತ್ತರಿಸಿ ಗೋಡೆಯ ಪಕ್ಕ ರಾಶಿ ಹಾಕಿದಳು. "ಏನೇ ಇದು, ಭೂತ ಹಿಡಿದಿದ್ಯಾ ನಿಂಗೆ?" ಎಂದು ದೊಡ್ಡಮ್ಮ ನಕ್ಕಳು. ಅಮ್ಮನೂ ನಕ್ಕಳು.

ಅಷ್ಟಕ್ಕೇ ಮುಗಿಯಲಿಲ್ಲ. ಉದಾಹರಣೆಯನ್ನು ಬಾಯಲ್ಲಿ ಹೇಳುವುದೇಕೆ, ಕರೆದುಕೊಂಡೇ ಬಂದರಾಯಿತಲ್ಲ ಎಂದು ಬುಗುರಿ ಮಿಸ್ಸನ್ನು ಕೇಳಿ ಒಪ್ಪಿಗೆ ಪಡೆದುಬಿಟ್ಟಳು. ದೊಡ್ಡಮ್ಮನಿಗಂತೂ ಖುಷಿಯೋ ಖುಷಿ. "ನಾವು ಪಾಠ ಆಗ್ಬಿಟ್ವಲ್ಲೇ! ಓದೋ ವಯಸ್ಸಲ್ಲಿ ಶಾಲೆ ಹತ್ಲಿಲ್ಲ, ಈಗ ನೋಡು" ಎಂದು ಅಮ್ಮನ ಬೆನ್ನಿಗೆ ಗುದ್ದಿದಳು. ಅಮ್ಮ ತಲೆಯೆತ್ತದೆ ಗೀಟು ಎಳೆಯುತ್ತಿದ್ದಳು. ಸೀಮೆಸುಣ್ಣ ಪಟ್ಟೆಂದು ಮುರಿಯಿತು.

ಗುರುವಾರ ಸಂಜೆ ಕಡ್ಡಿ ಜ್ವರ ಬಂದಿದೆ ಅಂದಳು. ಅಮ್ಮ ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು, ಮುಟ್ಟಿದ ಕೈ ಅದಕ್ಕಿಂತ ತಣ್ಣಗಿತ್ತು.

"ಅಮ್ಮಾ, ಇವತ್ತೇ ಹೇಳ್ಬಿಡಮ್ಮ. ನಾಳೆ ಎಲ್ರೂ ನನ್ನೇ ಕೇಳ್ತಾರೆ."

"ಹೇಳ್ತೀನಿ ಅಂದ್ನಲ್ಲ. ಮಲ್ಕೋ."

ಶುಕ್ರವಾರ ಇಬ್ಬರೂ ಬಂದರು. ದೊಡ್ಡಮ್ಮ ಒಳ್ಳೆಯ ಬಟ್ಟೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿದ್ದಳು. ಮಿಸ್ಸಿನ ಮೇಜಿನ ಮೇಲೆ ಅಮ್ಮ ಒಂದು ನೀಲಿ ಬಟ್ಟೆ ಹಾಸಿ ಚೀಲದ ಅಳತೆಗೆ ಗೀಟು ಹಾಕಿ ಕತ್ತರಿಸಿದಳು. ಕತ್ತರಿಯನ್ನು ಮೇಜಿನ ಮೇಲಿಟ್ಟಳು. ದೊಡ್ಡಮ್ಮ ಬಟ್ಟೆಯನ್ನು ಮಡಿಸಿ ಅಂಚಿಗೆ ಅಂಚು ಕೂಡಿಸಿದಳು. ಒಂದು ಅಂಚು ಓರೆಯಾಗಿತ್ತು. ಅಮ್ಮನ ಕತ್ತರಿ ಓರೆ ಹೋದದ್ದನ್ನು ಕಡ್ಡಿ ಅದುವರೆಗೆ ಕಂಡಿರಲಿಲ್ಲ. ದೊಡ್ಡಮ್ಮ ಅಮ್ಮನ ಮುಖವನ್ನೊಮ್ಮೆ ನೋಡಿ, ಓರೆಯಾದ ಕಡೆಯನ್ನು ಮಕ್ಕಳಿಗೆ ಕಾಣದ ಹಾಗೆ ಒಳಗೆ ಮಡಚಿ ಹೊಲಿಯತೊಡಗಿದಳು.

ಕಡ್ಡಿ ಎದ್ದು ನಿಂತಳು. "ಪಾಲುದಾರರು ಅಂದರೆ ಲಾಭ ನಷ್ಟ ಎರಡನ್ನೂ ಹಂಚಿಕೊಳ್ಳುವವರು" ಎಂದು ಗಿಳಿಪಾಠ ಒಪ್ಪಿಸಿದಳು.

"ಇವ್ರಲ್ಲಿ ಯಜಮಾನ್ರು ಯಾರು?" ಮೊದಲ ಪ್ರಶ್ನೆ.

"ಇಬ್ರೂ."

"ಜಗಳ ಆಡ್ತಾರಾ?"

"ಆಡ್ತಾರೆ."

"ಆಡದಿದ್ರೆ ನಮಗೆ ತಿಂದಿದ್ದು ಅರಗಲ್ಲ" ಎಂದು ದೊಡ್ಡಮ್ಮ ಸೇರಿಸಿದಳು. ತರಗತಿಗೆ ತರಗತಿಯೇ ನಕ್ಕಿತು.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಕಥೇಲಿ ಕನ್ನಡಕದ ಹುಡುಗ ಯಾರಿಗೂ ಹೇಳ್ದೆ ಬೇರೆ ಸೋಪಿನವರ ಹತ್ರ ಹೋಗ್ತಾನಲ್ಲ. ನಿಮ್ಮಮ್ಮ ಹಂಗೆ ಮಾಡಿದ್ರೆ? ಆಗ್ಲೂ ಪಾಲುದಾರರೇನಾ?"

ಕಡ್ಡಿ ಬೆಂಚಿನ ಮೇಲಿದ್ದ ಕಾದಂಬರಿಯನ್ನು ಎತ್ತಿ ಎದೆಗವಚಿಕೊಂಡಳು.

"ಇವ್ಳಾ?" ದೊಡ್ಡಮ್ಮ ಗಹಗಹಿಸಿದಳು. "ನನ್ನ ಡಬ್ಬಿಯಿಂದ ಒಂದು ಸೂಜಿ ಬೇಕಂದ್ರೂ ಕೇಳಿ ತಗೊಳ್ತಾಳೆ ಕಣಮ್ಮ ಇವ್ಳು!"

"ಉತ್ತರ ಚೀಟಿಯವಳದ್ದು" ಎಂದರು ಮಿಸ್ಸು ಮೆಲ್ಲಗೆ.

ಕಡ್ಡಿ ಅಮ್ಮನ ಕಡೆ ನೋಡಿದಳು. ಕಣ್ಣಲ್ಲೇ ಗದರಿಸುತ್ತಾಳೆ ಅಂದುಕೊಂಡಿದ್ದಳು. ಗದರಿಕೆ ಇರಲಿಲ್ಲ. ಅಮ್ಮ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಉತ್ತರ ಗೊತ್ತಿಲ್ಲದಿದ್ದರೂ ಎಬ್ಬಿಸಿ ನಿಲ್ಲಿಸಿದ ಮಗುವಿನಂತೆ ನಿಂತಿದ್ದಳು. ಅಮ್ಮಂದಿರಿಗೂ ಹೆದರಿಕೆಯಾಗುತ್ತದೆ ಎಂಬುದು ಕಡ್ಡಿಗೆ ಗೊತ್ತೇ ಇರಲಿಲ್ಲ. ಇನ್ನು ತಾನು ಯಾರ ಸೆರಗಿನ ಹಿಂದೆ ಅವಿತುಕೊಳ್ಳಬೇಕು? ಅವಳ ಭಯ ಇಮ್ಮಡಿಯಾಯಿತು.

"ಗೊತ್ತಿಲ್ಲ ಮಿಸ್" ಅಂದಳು. ಅಂದದ್ದೇ ತಡ, ಅಳು ಉಕ್ಕಿ ಬಂತು. ಎಷ್ಟು ತಡೆದರೂ ನಿಲ್ಲಲಿಲ್ಲ.

ದೊಡ್ಡಮ್ಮನ ನಗು ಅರ್ಧಕ್ಕೆ ನಿಂತಿತು. ಅವಳು ಅಳುವ ಹುಡುಗಿಯನ್ನು ನೋಡಿದಳು, ಅವಳ ಅಮ್ಮನನ್ನು ನೋಡಿದಳು, ಕೈಯಲ್ಲಿದ್ದ ಓರೆ ಅಂಚನ್ನು ನೋಡಿದಳು. ಗೋಡೆಯ ಪಕ್ಕದ ಆ ರಾಶಿಯೂ ಅವಳ ಕಣ್ಣ ಮುಂದೆ ಬಂದಿರಬೇಕು. ಹೊಲಿಗೆ ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಕತ್ತರಿಯನ್ನು ತಾನೇ ತೆಗೆದುಕೊಂಡು ಹೊರಗೆ ನಡೆದಳು.

ಅಮ್ಮ ಹಿಂದೆಯೇ ಹೋದಳು. ಮುಖ ತೊಳೆದುಕೊಂಡು ಬಾ ಎಂದು ಮಿಸ್ಸು ಕಳಿಸಿದ್ದರಿಂದ ಕಡ್ಡಿಯೂ ಹೊರಬಂದಳು. ಕಾದಂಬರಿ ಅವಳ ಕೈಯಲ್ಲೇ ಉಳಿದಿತ್ತು. ವರಾಂಡದಲ್ಲಿ ಬೇರೆ ಯಾರೂ ಇರಲಿಲ್ಲ.

"ಯಾವತ್ತಿಂದ?" ಎಂದಳು ದೊಡ್ಡಮ್ಮ.

"ಒಂದನೇ ತಾರೀಖಿಂದ. ಕಾರ್ಖಾನೆಗೆ."

"ಮಗುಗೆ ಗೊತ್ತು, ನಂಗೆ ಗೊತ್ತಿಲ್ಲ. ಚೆನ್ನಾಗಿದೆ. ನಂಗೆ ಹೇಳಕ್ಕೇನ್ ಧಾಡಿ ಆಗಿತ್ತೇ ನಿಂಗೆ?"

"ಹೆದರಿಕೆ ಆಯ್ತು ಅಕ್ಕ."

"ನಾನೇನ್ ಹುಲಿನಾ?"

"ಬೈತೀಯ ಅಂತಲ್ಲ. ಒಳ್ಳೇದಾಯ್ತು, ಹೋಗು ಅಂದ್ಬಿಡ್ತೀಯ ಅಂತ. ನೀನು ಹಾಗಂದ್ರೆ ನಾನು ನಿಜವಾಗ್ಲೂ ಹೋಗ್ಬೇಕಾಗತ್ತಲ್ಲ."

ದೊಡ್ಡಮ್ಮ ಹೋಗು ಅನ್ನಲಿಲ್ಲ. ಇರು ಎಂದೂ ಅನ್ನಲಿಲ್ಲ. ಮೂಗು ಒರೆಸಿಕೊಂಡು, ಕೈಯಲ್ಲಿದ್ದ ಕತ್ತರಿಯನ್ನು ಅಮ್ಮನತ್ತ ನೇರವಾಗಿ ಚಾಚಿದಳು.

"ತಗೋ. ಇದು ನಿಂದು."

ಅಮ್ಮ ಕೈ ಮುಂದೆ ಮಾಡಲಿಲ್ಲ. ಕೈಯೆರಡನ್ನೂ ಬೆನ್ನ ಹಿಂದೆ ಸೇರಿಸಿಕೊಂಡಳು. ದೊಡ್ಡಮ್ಮನ ಚಾಚಿದ ಕೈ ಹಾಗೇ ಇತ್ತು. ಕಡ್ಡಿ ಆಚೀಚೆ ನೋಡಿದಳು. ಉದ್ದದ ವರಾಂಡ, ಬರೀ ಗೋಡೆ. ಒಂದು ಮೇಜಿಲ್ಲ, ಒಂದು ಕಟ್ಟೆಯಿಲ್ಲ.

ಅವಳು ಓಡಿಬಂದು ಇಬ್ಬರ ನಡುವೆ ನಿಂತು, ಕಾದಂಬರಿಯನ್ನು ಎರಡೂ ಅಂಗೈ ಮೇಲೆ ಮಟ್ಟಸವಾಗಿ ಹಿಡಿದಳು.

ದೊಡ್ಡಮ್ಮ ಪುಸ್ತಕವನ್ನೇ ನೋಡಿದಳು. ಆಮೇಲೆ ಕತ್ತರಿಯನ್ನು ಅದರ ಮೇಲಿಟ್ಟು ಕೈ ತೆಗೆದಳು. ಕಬ್ಬಿಣದ ಕತ್ತರಿ ಕಡ್ಡಿ ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಎಲ್ಲಿ ಜಾರೀತೋ ಎಂದು ಉಸಿರು ಬಿಗಿಹಿಡಿದು, ಅಮ್ಮ ಎತ್ತಿಕೊಳ್ಳುವುದನ್ನೇ ಕಾಯುತ್ತ, ಅವಳು ಅಲುಗಾಡದೆ ನಿಂತಳು.